ಬುರುಡೆ ತೇಲುತ್ತಿದೆ, ಸರಿ, ಸರಪಳಿ ಹೇಗಿದೆ?

ಮೂರಿಂಗ್ ಎಂದರೆ ದೋಣಿಯನ್ನು ನೀರಲ್ಲೇ ಕಟ್ಟಿ ನಿಲ್ಲಿಸುವ ಏರ್ಪಾಡು: ತಳದಲ್ಲಿ ಭಾರದ ದಿಮ್ಮಿ, ಅದರಿಂದ ಸರಪಳಿ, ಮೇಲೆ ಬುರುಡೆ, ಅಂದರೆ ತೇಲುಗುಂಡು. ಅದು ಕಿತ್ತುಕೊಂಡು ಹೋಗಿ ದೋಣಿ ದಡಕ್ಕೆ ಬಡಿದಾಗ ಮಾಲೀಕರ ಬಾಯಲ್ಲಿ ಮೊದಲು ಬರುವ ಮಾತು, 'ಎರಡು ಟನ್ ಕಾಂಕ್ರೀಟ್ ಹಾಕಿಸಿದ್ದೆವಲ್ಲ ಸಾರ್, ಅದು ಅಲುಗಾಡಿಯೇ ಇಲ್ಲ.' ನಿಜ, ಅಲುಗಾಡಿಲ್ಲ. ಹೋದದ್ದು ಸರಪಳಿ. ಅದನ್ನು ಮೇಲೆತ್ತಿ ನೋಡಿದ್ದು ಯಾವಾಗ ಎಂದು ಕೇಳಿದರೆ ಉತ್ತರವಿಲ್ಲ.

ಗಾಳಿ, ಉಬ್ಬರ, ಇಳಿತಕ್ಕೆ ದೋಣಿ ಸುತ್ತಲೂ ತಿರುಗುವ ಮೂರಿಂಗಿನಲ್ಲಿ ಸವಕಳಿ ಎಲ್ಲ ಕಡೆ ಸಮನಾಗಿ ಆಗುವುದಿಲ್ಲ. ಮೇಲಿಂದ ಕಾಣುವ ಮೊದಲ ಎರಡು ಮೀಟರ್ ಚೆನ್ನಾಗಿಯೇ ಇರುತ್ತದೆ. ಕೆಸರಿನಲ್ಲಿ ಹೂತ ಭಾಗಕ್ಕೆ ಅಲುಗಾಟ ಕಡಿಮೆ, ಗಾಳಿಯ ಸಂಪರ್ಕವೂ ಕಡಿಮೆ. ಇವೆರಡರ ನಡುವೆ, ಸರಪಳಿ ತಳದಿಂದ ಏಳುತ್ತ ಬೀಳುತ್ತ ಮರಳಿಗೆ ಉಜ್ಜುವ ಜಾಗವಿದೆಯಲ್ಲ, ತಿನ್ನುವುದು ಅಲ್ಲಿ. ಕೊಂಡಿಯ ಪಕ್ಕೆ ನೋಡಿ ಮೋಸಹೋಗಬೇಡಿ. ಒಂದು ಕೊಂಡಿ ಇನ್ನೊಂದಕ್ಕೆ ಕೂರುವ ಒಳಬಾಗಿನಲ್ಲಿ, ಸರಪಳಿಯನ್ನು ಸಡಿಲಿಸಿ, ತುಕ್ಕು ಕೆರೆದು, ಕ್ಯಾಲಿಪರ್ (ದಪ್ಪ ಅಳೆಯುವ ಉಪಕರಣ) ಇಟ್ಟು ಅಳೆಯಬೇಕು. 20 ಮಿ.ಮೀ. ಕೊಂಡಿ 14ಕ್ಕೆ ಇಳಿದಿದ್ದರೆ 'ಇನ್ನೂ ಮುಕ್ಕಾಲು ಪಾಲು ಇದೆ' ಎನ್ನುತ್ತಾರೆ. ಬಲ ನಿಂತಿರುವುದು ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ. ಅದು ಉಳಿದಿರುವುದು ಅರ್ಧಕ್ಕಿಂತ ತುಸು ಕಡಿಮೆ.

ಸ್ವಿವೆಲ್, ಅಂದರೆ ಸರಪಳಿ ಹುರಿಯಾಗದಂತೆ ನಡುವೆ ಹಾಕುವ ತಿರುಗುಕೊಂಡಿ, ತಿರುಗುತ್ತಿದೆಯೇ ಎಂದು ಕೈಯಲ್ಲೇ ನೋಡಿ. ಸಿಕ್ಕಿಹಾಕಿಕೊಂಡ ಸ್ವಿವೆಲ್ ಸರಪಳಿಯನ್ನು ಹುರಿಮಾಡಿ ಗಂಟುಕಟ್ಟಿಸುತ್ತದೆ. ಶ್ಯಾಕಲ್ (ತುಂಡುಗಳನ್ನು ಜೋಡಿಸುವ U ಆಕಾರದ ಕೊಂಡಿ) ಪಿನ್ನನ್ನು ಬಿಗಿದ ಮೇಲೆ ತಂತಿ ಸುತ್ತಿ ಕಟ್ಟಲೇಬೇಕು. ಆದರೆ ಗ್ಯಾಲ್ವನೈಸ್ ಮಾಡಿದ (ಸತು ಲೇಪಿಸಿದ) ಶ್ಯಾಕಲ್ಲಿಗೆ ಸ್ಟೇನ್‌ಲೆಸ್ ತಂತಿ ಬೇಡ. ಉಪ್ಪುನೀರಿನಲ್ಲಿ ಎರಡು ಲೋಹ ಸೇರಿದರೆ ಶ್ಯಾಕಲ್ಲಿನ ಸತುವೇ ಮೊದಲು ಕರಗುತ್ತದೆ. ಬುರುಡೆಯಿಂದ ದೋಣಿಗೆ ಬರುವ ಹಗ್ಗ ಮೂತಿಯ ಅಂಚಿಗೆ ಉಜ್ಜುವ ಕಡೆ ಹೊದಿಕೆ ಇರಲಿ. ಸಾಧ್ಯವಾದರೆ ಎರಡು ಹಗ್ಗ, ಎರಡನೆಯದು ಸ್ವಲ್ಪ ಉದ್ದ: ಮೊದಲನೆಯದು ಹರಿದ ಮೇಲೆ ಮಾತ್ರ ಅದಕ್ಕೆ ಭಾರ ಬೀಳಲಿ. ಸುತ್ತಿಟ್ಟ ಮುಂದಿನ ಹಾಯಿಯನ್ನು ಗಾಳಿಯ ಮುನ್ಸೂಚನೆ ಬಂದೊಡನೆ ಇಳಿಸಿಬಿಡಿ. ಅದು ಅರ್ಧ ಬಿಚ್ಚಿಕೊಂಡರೆ ದೋಣಿ ಅತ್ತಿತ್ತ ಓಡಾಡಿ ಸರಪಳಿಯನ್ನು ಜಗ್ಗುತ್ತಲೇ ಇರುತ್ತದೆ.

ಈಗ ಹಣದ ಮಾತು. 1906ರ ಬ್ರಿಟಿಷ್ ಸಾಗರ ವಿಮಾ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಪಾಲಿಸಿಯಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಮಾನ್ಯ ಸವಕಳಿಗೆ ವಿಮೆ ಕಂಪನಿ ಹೊಣೆಯಲ್ಲ. ಪಾಲಿಸಿಯಿಂದ ಪಾಲಿಸಿಗೆ ಒಕ್ಕಣೆ ಬೇರೆಯಾದ್ದರಿಂದ ನಿಮ್ಮದನ್ನು ನೀವೇ ಓದಿಕೊಳ್ಳಬೇಕು; ಆದರೂ ಈ ಧಾಟಿ ಬಹುಪಾಲು ಕಡೆ ಸಿಗುತ್ತದೆ. ಸವೆದ ಸರಪಳಿಯ ಬೆಲೆಯನ್ನಂತೂ ಯಾರೂ ಕೊಡುವುದಿಲ್ಲ. ಪ್ರಶ್ನೆ ಇರುವುದು ದೋಣಿಯ ಹಾನಿಯದ್ದು. 'ಮೂರಿಂಗ್ ದೋಣಿಯ ಗಾತ್ರಕ್ಕೆ ತಕ್ಕುದಾಗಿರಬೇಕು, ವರ್ಷಕ್ಕೊಮ್ಮೆ ತಪಾಸಣೆಯಾಗಿರಬೇಕು' ಎಂಬ ಷರತ್ತು ಪಾಲಿಸಿಯಲ್ಲಿದ್ದರೆ, ಅದು ಪಾಲನೆಯಾಗಿದೆ ಎಂದು ತೋರಿಸಬೇಕಾದ ಕಾಗದ ನಿಮ್ಮ ಕೈಯಲ್ಲಿರಬೇಕು. 'ಬಿರುಗಾಳಿ ಸಾರ್' ಎನ್ನುವ ವಾದ ಅದೇ ರಾತ್ರಿ ಅಕ್ಕಪಕ್ಕದ ದೋಣಿಗಳೆಲ್ಲ ನಿಂತಲ್ಲೇ ನಿಂತಿದ್ದರೆ ಬಡವಾಗುತ್ತದೆ.

ಕಾಗದ ಎಂದರೆ 'ಮೂರಿಂಗ್ ಸರ್ವಿಸ್, ಇಷ್ಟು ಹಣ' ಎಂಬ ಒಂದು ಸಾಲಿನ ರಸೀದಿಯಲ್ಲ. ಮೇಲೆತ್ತಿದರೋ, ಮುಳುಗುಗಾರರು ಕೆಳಗೇ ನೋಡಿದರೋ, ಯಾವ ದಿನ, ಎಲ್ಲಿ ಅಳೆದಾಗ ಎಷ್ಟು ಮಿ.ಮೀ. ಸಿಕ್ಕಿತು, ಏನೇನು ಬದಲಿಸಿದರು, ಅಷ್ಟೂ ಬರೆಸಿಕೊಳ್ಳಿ. ಕ್ಯಾಲಿಪರ್ ಕೊಂಡಿಯ ಮೇಲಿರುವಾಗಲೇ ಅಂಕಿ ಕಾಣುವಂತೆ ಫೋಟೊ ತೆಗೆಸಿ. ಗಲೀಜು ನೀರಲ್ಲಿ ಕೈಯಿಂದ ತಡವಿ 'ಪರವಾಗಿಲ್ಲ' ಎಂದು ಬರೆದುಕೊಟ್ಟ ವರದಿಗೆ ಹೆಚ್ಚು ಬೆಲೆಯಿಲ್ಲ. ಹಿಂದಿನವರಿಂದ ಮೂರಿಂಗ್ ಕೊಂಡಿದ್ದರೆ ಅವರ ಕಾಗದವನ್ನೂ ಇಸಿದುಕೊಳ್ಳಿ. ಅವರ 7 ಮೀಟರಿನ ದೋಣಿಗೆ ಹಾಕಿಸಿದ್ದು ನಿಮ್ಮ 11 ಮೀಟರಿನದಕ್ಕೆ ಸಾಲದು.

ದುರಂತ ಆಗಿಯೇಹೋದರೆ ಮೊದಲು ದೋಣಿಗೆ ಇನ್ನಷ್ಟು ಹಾನಿಯಾಗದಂತೆ ನೋಡಿಕೊಳ್ಳಿ, ಆ ಖರ್ಚಿನ ರಸೀದಿ ಇಟ್ಟುಕೊಳ್ಳಿ, ವಿಮೆ ಕಂಪನಿಗೆ ತಿಳಿಸಿ. ಆಮೇಲೆ ಜನ ಮಾಡುವ ಕೆಲಸವೊಂದಿದೆ, ನೋಡಿದರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ: ದೋಣಿಗೆ ಜೋತುಕೊಂಡು ಬಂದ ತುಂಡನ್ನು ಗುಜರಿಗೆ ಹಾಕುವುದು! ನಿಮ್ಮ ಪರ ಮಾತಾಡಬಹುದಾದ ಸಾಕ್ಷಿ ಅದೇ. ದಪ್ಪ ಉಳಿಸಿಕೊಂಡೇ ಮುರಿದ ಕೊಂಡಿ ಒಂದು ಕಥೆ ಹೇಳುತ್ತದೆ, ಪೆನ್ಸಿಲ್ ತುದಿಯಂತೆ ಚೂಪಾದದ್ದು ಇನ್ನೊಂದು. ತಿರುಪಿನ ಎಳೆ ಕೆಡದ ಶ್ಯಾಕಲ್ಲಿನಲ್ಲಿ ಪಿನ್ ಮಾತ್ರ ಇಲ್ಲದಿದ್ದರೆ ಅದು ತಾನಾಗಿ ತಿರುಗಿ ಬಿಚ್ಚಿಕೊಂಡಿರುವ ಸಂಭವವೇ ಹೆಚ್ಚು. ತುಂಡನ್ನು ತೊಳೆಯದೆ, ಕೆರೆಯದೆ, ದಿನಾಂಕದ ಚೀಟಿ ಕಟ್ಟಿ ಒಣಜಾಗದಲ್ಲಿಡಿ. ತಳದಲ್ಲಿ ಉಳಿದ ಅರ್ಧವನ್ನು ಸರ್ವೇಯರ್ (ಹಾನಿಯನ್ನು ಪರಿಶೀಲಿಸುವವರು) ನೋಡುವ ಮುನ್ನ ಎತ್ತಿಸಿ ಬದಲಿಸಬೇಡಿ.