ಏರೋಜೆಲ್ ಕಂಬಳಿ ಆಗೋಕೆ 70 ವರ್ಷ ಯಾಕೆ ಬೇಕಾಯ್ತು

ಕೆಳಗೆ ಬೆಂಕಿ ಉರೀತಿದೆ, ನಡುವೆ ನೀಲಿ ಹೊಗೆ ಗಟ್ಟಿಯಾದ ಹಾಗಿರೋ ಒಂದು ಬಿಲ್ಲೆ, ಮೇಲೆ ಹೂವು, ಹೂವಿಗೆ ಏನೂ ಆಗಿಲ್ಲ. ಏರೋಜೆಲ್ ಅಂದ್ರೆ ತುಂಬ ಜನ ನೋಡಿರೋದು ಈ ಫೋಟೋನೇ. ಆದ್ರೆ ಇವತ್ತು ಶಾಖ ತಡೆಯೋಕೆ ಪೈಪಿಗೆ ಸುತ್ತೋದು ಆ ಚೆಂದದ ಬಿಲ್ಲೆ ಅಲ್ಲ, ಮುಟ್ಟಿದ್ರೆ ಬಿಳಿ ಪುಡಿ ಉದುರೋ, ಕೈ ಚರ್ಮ ಒಣಗಿಸೋ ಒಂದು ಕಂಬಳಿ.

ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಟ್ಲರ್ ಇದನ್ನ ಮಾಡಿ ತೋರಿಸಿದ್ದು 1931ರಲ್ಲಿ. ಏರೋಜೆಲ್ ಅಂದ್ರೆ ಜೆಲ್, ಅಂದ್ರೆ ಜೆಲ್ಲಿ ಥರದ ವಸ್ತು, ಅದರ ಒಳಗಿನ ನೀರು ತೆಗೆದು ಆ ಜಾಗದಲ್ಲಿ ಗಾಳಿ ಉಳಿಸಿದ್ದು. ಕಷ್ಟ ಇದ್ದಿದ್ದು ಒಣಗಿಸೋದ್ರಲ್ಲಿ. ಕೆರೆ ಬತ್ತಿದಾಗ ತಳದ ಕೆಸರು ಕುಗ್ಗಿ ಬಿರುಕು ಬಿಡತ್ತಲ್ಲ, ಜೆಲ್ ಕಥೇನೂ ಅದೇ, ನೀರು ಹೋಗ್ತಾ ಹೋಗ್ತಾ ಒಳಗಿನ ಸಣ್ಣ ಗೋಡೆಗಳನ್ನ ಒಂದಕ್ಕೊಂದು ಎಳೆದು ಕೆಡವತ್ತೆ. ಅದಕ್ಕೆ ಕಿಸ್ಟ್ಲರ್ ನೀರಿನ ಜಾಗಕ್ಕೆ ಆಲ್ಕೋಹಾಲ್ ತುಂಬಿ, ಮುಚ್ಚಿದ ಪಾತ್ರೇಲಿ ಕಾವು ಒತ್ತಡ ಎರಡೂ ಏರಿಸಿ, ಇತ್ತ ದ್ರವಾನೂ ಅಲ್ಲ ಅತ್ತ ಆವಿನೂ ಅಲ್ಲ ಅನ್ನೋ ಸ್ಥಿತಿಗೆ ತಂದು ಮೆಲ್ಲಗೆ ಹೊರಗೆ ಬಿಟ್ರು, ಗೋಡೆ ನಿಂತ್ಕೊಳ್ತು, ಒಳಗೆಲ್ಲ ಗಾಳಿ. ರಂಧ್ರ ಎಷ್ಟು ಸಣ್ಣದು ಅಂದ್ರೆ ಗಾಳಿಯ ಅಣು ಇನ್ನೊಂದು ಅಣುವಿಗೆ ತಾಗೋ ಮುಂಚೆ ಗೋಡೆಗೇ ಡಿಕ್ಕಿ ಹೊಡೆಯತ್ತೆ, ಹಾಗಾಗಿ ಸುಮ್ಮನೆ ನಿಂತ ಗಾಳಿಗಿಂತಲೂ ಕಡಿಮೆ ಶಾಖ ದಾಟತ್ತೆ.

1940ರ ದಶಕದಲ್ಲಿ ಮಾನ್ಸಾಂಟೊ ಕಂಪನಿ ಸ್ಯಾಂಟೊಸೆಲ್ ಅಂತ ಇದರ ಪುಡಿ ಮಾರ್ತು, ಆಮೇಲೆ ನಿಲ್ಲಿಸ್ತು. ಬಿಸಿ ಆಲ್ಕೋಹಾಲ್ ಅಂದ್ರೆ ಅಪಾಯಾನೇ, 1984ರಲ್ಲಿ ಸ್ವೀಡನ್ನಿನ ಷೋಬೋ ಊರಿನ ಘಟಕದಲ್ಲಿ ಮೆಥನಾಲ್ ಸೋರಿ ಸ್ಫೋಟಾನೇ ಆಯ್ತು. ಅದರ ಬದಲು ಕಾರ್ಬನ್ ಡೈಆಕ್ಸೈಡ್ ಬಳಸೋ ದಾರಿ ಸಿಕ್ತು, ಅದಕ್ಕೆ ಒತ್ತಡದ ಜೊತೆ ಕಾವು 31 ಡಿಗ್ರಿ ದಾಟಿದ್ರೆ ಸಾಕು, ಬೆಂಕಿ ಹತ್ತೋ ಭಯನೂ ಇಲ್ಲ. ನಾಸಾ 1997ರಲ್ಲಿ ಮಂಗಳದ ಮೇಲೆ ಓಡಾಡಿದ ಸೊಜರ್ನರ್ ಗಾಡಿಯನ್ನ ಚಳಿಯಿಂದ ಕಾಯೋಕೆ ಏರೋಜೆಲನ್ನೇ ಹಾಕಿತ್ತು. ಸ್ಟಾರ್‌ಡಸ್ಟ್ ನೌಕೆ 2004ರಲ್ಲಿ ಧೂಮಕೇತುವಿನ ಧೂಳು ಹಿಡಿದಿದ್ದೂ ಏರೋಜೆಲ್‌ನಲ್ಲೇ.

ಆದ್ರೂ ಒಂದು ದೋಷ ಹಾಗೇ ಉಳಿದಿತ್ತು, ಒತ್ತಿದ್ರೆ ಪುಡಿಪುಡಿ. ನನ್ನ ಪ್ರಕಾರ ನಿಜವಾದ ತಿರುವು ಬಂದಿದ್ದು ಇದನ್ನ ನಾರಿನ ಹಾಸಿನೊಳಗೇ ಬೆಳೆಸಿ, ಮಡಚೋಕೆ, ಕತ್ತರೀಲಿ ಕತ್ತರಿಸೋಕೆ ಬರೋ ಹಾಗೆ ಮಾಡಿದಾಗ. 2000ದ ನಂತರ ರಿಫೈನರಿ ಪೈಪು, ಸಮುದ್ರದಡಿಯ ಎಣ್ಣೆ ಪೈಪಿಗೆಲ್ಲ ಅದು ಹೋಯ್ತು, ರೇಟು ಜಾಸ್ತಿನೇ, ಆದ್ರೆ ದಪ್ಪ ಇಡೋಕೆ ಜಾಗ ಇಲ್ಲದ ಕಡೆ ತೆಳ್ಳಗಿರೋದೇ ಲಾಭ.

ಈಗ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಸೆಲ್‌ಗಳ ಮಧ್ಯೆನೂ ಇದರ ತೆಳು ಹಾಳೆ ಇಡ್ತಿದಾರೆ, ಒಂದು ಸೆಲ್ ಹತ್ಕೊಂಡ್ರೆ ಪಕ್ಕದ್ದಕ್ಕೆ ಕಾವು ಬೇಗ ಹೋಗದೇ ಇರ್ಲಿ, ಒಳಗಿರೋರಿಗೆ ಇಳಿಯೋಕೆ ಟೈಮ್ ಸಿಗ್ಲಿ ಅಂತ. 2022ರ ಬೇಸಿಗೇಲಿ ನಮ್ಮ ದೇಶದಲ್ಲಿ ಒಂದಾದ ಮೇಲೊಂದು ಎಲೆಕ್ಟ್ರಿಕ್ ಸ್ಕೂಟರ್ ಉರಿದಿದ್ದು ನೋಡಿದ ಮೇಲೆ, ಈ ಹಾಳೆ ದುಬಾರಿ ಕಾರಿಗಷ್ಟೇ ಅಲ್ಲ, ಸ್ಕೂಟರಿಗೂ ಬರೋ ರೇಟಿಗೆ ಇಳೀಬೇಕು ಅಂತ ನನಗೆ ತುಂಬಾ ಅನ್ಸತ್ತೆ.