ಚಿಕಿತ್ಸೆ ಉಚಿತವಾಗಿದ್ದರೂ ‘ಪೇಷೆಂಟ್ ನ್ಯಾವಿಗೇಟರ್’ ಏಕೆ ಬೇಕು?

ಪ್ರಶ್ನೆ: ಸ್ತನ ಕ್ಯಾನ್ಸರ್‌ಗೆ ತಪಾಸಣೆಯೂ ಚಿಕಿತ್ಸೆಯೂ ಉಚಿತವಾಗಿ ಸಿಗುವ ಕಡೆಗಳಲ್ಲೂ ಬಡ ರೋಗಿಗಳಿಗಾಗಿ ‘ಪೇಷೆಂಟ್ ನ್ಯಾವಿಗೇಟರ್’ ಎಂಬವರನ್ನು ನೇಮಿಸುತ್ತಾರಂತೆ. ವೈದ್ಯರು, ನರ್ಸ್‌ಗಳು ಇರುವಾಗ ಇವರಿಗೆ ಇರುವ ಕೆಲಸವಾದರೂ ಏನು?

ಉತ್ತರ: ಗಂಟು ಕೈಗೆ ಸಿಕ್ಕ ದಿನದಿಂದ ಚಿಕಿತ್ಸೆ ಮುಗಿಯುವ ದಿನದವರೆಗೆ ಒಬ್ಬ ಮಹಿಳೆ ಎಷ್ಟು ಬಾಗಿಲುಗಳಿಗೆ ಹೋಗಿಬರಬೇಕು ಎಂದು ಎಣಿಸಿದರೆ ಅರ್ಧ ಉತ್ತರ ಸಿಕ್ಕಂತೆಯೇ. ವೈದ್ಯರು ಪರೀಕ್ಷಿಸಿದ ಮೇಲೆ ಮ್ಯಾಮೊಗ್ರಾಂ ಇಲ್ಲವೇ ಅಲ್ಟ್ರಾಸೌಂಡ್, ಅನುಮಾನ ಬಂದರೆ ಬಯಾಪ್ಸಿ, ಅಂದರೆ ಸಾಮಾನ್ಯವಾಗಿ ಸೂಜಿಯಿಂದ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ. ಕ್ಯಾನ್ಸರ್ ಎಂದು ಖಚಿತವಾದರೆ ಅದು ಹಾರ್ಮೋನಿಗೆ ಸ್ಪಂದಿಸುವ ಬಗೆಯದೇ ಎಂದು ತಿಳಿಯುವ ಪರೀಕ್ಷೆ. ಆಮೇಲೆ ಶಸ್ತ್ರಚಿಕಿತ್ಸೆ, ಹಲವರಿಗೆ ಕಿಮೊಥೆರಪಿ, ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಕೆಲವು ವಾರ ನಡೆಯುವ ರೇಡಿಯೇಷನ್, ಹಾರ್ಮೋನಿಗೆ ಸ್ಪಂದಿಸುವ ಬಗೆಯದಾದರೆ 5 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮಾತ್ರೆ. ಪ್ರತಿಯೊಂದು ವಿಭಾಗವೂ ತನ್ನ ಬಳಿಗೆ ಬಂದ ರೋಗಿಯನ್ನು ನೋಡಿಕೊಳ್ಳುತ್ತದೆ. ಆದರೆ ಒಂದು ವಿಭಾಗದಿಂದ ಹೊರಟು ಇನ್ನೊಂದನ್ನು ತಲುಪದೇ ಹೋದವರನ್ನು ಹುಡುಕುವ ಹೊಣೆ ಯಾರದ್ದೂ ಆಗಿರುವುದಿಲ್ಲ. ನ್ಯಾವಿಗೇಟರ್ ಹೊರುವುದು ಆ ಹೊಣೆಯನ್ನು.

ಈ ಪದ್ಧತಿಯನ್ನು ಆರಂಭಿಸಿದವರು ನ್ಯೂಯಾರ್ಕಿನ ಹಾರ್ಲೆಮ್‌ನ ಸಾರ್ವಜನಿಕ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಹೆರಾಲ್ಡ್ ಫ್ರೀಮನ್, 1990ರಲ್ಲಿ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬಡ ಕಪ್ಪುವರ್ಣೀಯ ಮಹಿಳೆಯರು. 1964ರಿಂದ 1986ರವರೆಗಿನ 606 ಸ್ತನ ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ನೋಡಿದಾಗ, ಸುಮಾರು ಅರ್ಧದಷ್ಟು ಮಂದಿ ಕಾಯಿಲೆ ಮುಂದುವರಿದ ಮೂರನೇ ಅಥವಾ ನಾಲ್ಕನೇ ಹಂತದಲ್ಲಿ ಬಂದಿದ್ದರು. 5 ವರ್ಷ ಬದುಕುಳಿದವರು ಶೇ 39 ಮಾತ್ರ. ಕಡಿಮೆ ದರದ ಅಥವಾ ಉಚಿತ ತಪಾಸಣೆಯ ಜೊತೆಗೆ ನ್ಯಾವಿಗೇಟರ್‌ಗಳೂ ಬಂದ ಮೇಲೆ, 1995ರಿಂದ 2000ದವರೆಗಿನ 325 ರೋಗಿಗಳಲ್ಲಿ ಆ ಪ್ರಮಾಣ ಶೇ 70ಕ್ಕೆ ಏರಿತು, ತಡವಾದ ಹಂತದಲ್ಲಿ ಬಂದವರು ಶೇ 21ಕ್ಕೆ ಇಳಿದರು. ಈ ಏರಿಕೆಯ ಶ್ರೇಯಸ್ಸನ್ನೆಲ್ಲ ನ್ಯಾವಿಗೇಟರ್‌ಗಳಿಗೇ ಕೊಡುವುದು ಸರಿಯಲ್ಲ, ಏಕೆಂದರೆ ತಪಾಸಣೆಯೂ ಸುಲಭವಾಗಿತ್ತು, ಆ ಹೊತ್ತಿಗೆ ಚಿಕಿತ್ಸೆಯೂ ಸುಧಾರಿಸಿತ್ತು. ಆದರೂ ತಪಾಸಣೆಯಲ್ಲಿ ಕಂಡುಬಂದ ಗಂಟು ಚಿಕಿತ್ಸೆಯವರೆಗೆ ತಲುಪದಿದ್ದರೆ ಆ ತಪಾಸಣೆಯಿಂದ ಯಾರ ಜೀವವೂ ಉಳಿಯುವುದಿಲ್ಲ ಎಂಬುದು ಫ್ರೀಮನ್ ಅವರಿಗೆ ಸ್ಪಷ್ಟವಿತ್ತು.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಫೋನ್ ಕರೆಯಲ್ಲೇ ನೋಡಬಹುದು. ಬಯಾಪ್ಸಿಗೆ ಬರಬೇಕಿದ್ದವರು ಬಂದಿಲ್ಲ. ನ್ಯಾವಿಗೇಟರ್ ಸಂಜೆ ಫೋನ್ ಮಾಡಿದರೆ, “ನೋವೇನೂ ಇಲ್ಲಮ್ಮ, ಮುಂದಿನ ತಿಂಗಳು ಬರ್ತೀನಿ” ಎಂಬ ಉತ್ತರ ಸಿಗುತ್ತದೆ. ಸ್ತನ ಕ್ಯಾನ್ಸರ್‌ನ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ, ಆದ್ದರಿಂದ ಈ ಮಾತೇ ಅಪಾಯದ್ದು. ನ್ಯಾವಿಗೇಟರ್ ಗದರಿಸುವುದಿಲ್ಲ, “ಬರೋದಕ್ಕೆ ಏನು ಅಡ್ಡಿಯಾಗ್ತಿದೆ ಹೇಳಿ” ಎಂದು ಕೇಳುತ್ತಾರೆ. ಆಗ ನಿಜವಾದ ಕಾರಣಗಳು ಒಂದೊಂದಾಗಿ ಹೊರಬರುತ್ತವೆ: ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ, ಮಗುವನ್ನು ನೋಡಿಕೊಳ್ಳುವವರಿಲ್ಲ, ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂದು ಯಾರೋ ಹೇಳಿದ್ದಾರೆ. ಬೇರೆ ವೇಳೆ ಗೊತ್ತುಮಾಡುವುದು, ಪ್ರಯಾಣದ ಖರ್ಚಿಗೆ ದಾರಿ ಹುಡುಕುವುದು, ಆ ಭಯದ ಬಗ್ಗೆ ವೈದ್ಯರಿಂದಲೇ ಎರಡು ಮಾತು ಹೇಳಿಸುವುದು, ಇವು ಸಣ್ಣ ಕೆಲಸಗಳಂತೆ ಕಾಣುತ್ತವೆ. ಚಿಕಿತ್ಸೆ ಕೈತಪ್ಪುವುದು ಬಹಳಷ್ಟು ಸಲ ಇಂಥ ಸಣ್ಣ ಕಾರಣಗಳಿಂದಲೇ.

ಭಾಷೆಯ ತೊಡಕನ್ನು ನಾನು ಇನ್ನೂ ಗಂಭೀರವಾಗಿ ಕಾಣುತ್ತೇನೆ. ವೈದ್ಯರ ಭಾಷೆ ಬಾರದ ತಾಯಿಗೆ ಶಾಲೆಗೆ ಹೋಗುವ ಮಗಳು ದುಭಾಷಿಯಾಗಿ ನಿಂತು, “ಸ್ತನ ತೆಗೆಯಬೇಕಾಗುತ್ತದೆ” ಎಂಬ ಮಾತನ್ನು ತನ್ನ ಬಾಯಿಂದಲೇ ಹೇಳಬೇಕಾಗಿ ಬರುವುದು ಆ ಮಗುವಿಗೂ ತಾಯಿಗೂ ಆಗುವ ಅನ್ಯಾಯ. ತಾಯಿಯ ಭಾಷೆ ಬಲ್ಲ ನ್ಯಾವಿಗೇಟರ್ ಅಥವಾ ಅವರು ಕರೆಸಿದ ದುಭಾಷಿ ಪಕ್ಕದಲ್ಲಿ ಕುಳಿತರೆ ಈ ಅನ್ಯಾಯ ತಪ್ಪುತ್ತದೆ.

ನ್ಯಾವಿಗೇಟರ್ ನರ್ಸ್ ಆಗಿರಬಹುದು, ಸಮಾಜ ಕಾರ್ಯಕರ್ತರಾಗಿರಬಹುದು, ತರಬೇತಿ ಪಡೆದ, ತಾವೇ ಈ ಕಾಯಿಲೆಯಿಂದ ಗುಣವಾದ ಮಹಿಳೆಯೂ ಆಗಿರಬಹುದು. ಯಾವ ಚಿಕಿತ್ಸೆ ಬೇಕು ಎಂದು ನಿರ್ಧರಿಸುವುದು ವೈದ್ಯರು ಮತ್ತು ರೋಗಿ, ನ್ಯಾವಿಗೇಟರ್ ಅಲ್ಲ. ಅಮೆರಿಕದಲ್ಲಿ 2005ರಲ್ಲೇ ಇವರಿಗಾಗಿ ಕಾನೂನು ಬಂದರೂ, ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಈ ಸೇವೆಗೆಂದೇ ಪ್ರತ್ಯೇಕವಾಗಿ ಹಣ ಕೊಡತೊಡಗಿದ್ದು 2024ರಲ್ಲಿ. ರೋಗಿ ಮೊದಲ ಸಲ ವೈದ್ಯರ ಬಳಿ ಬಂದ 60 ದಿನಗಳೊಳಗೆ ಕಾಯಿಲೆ ಪತ್ತೆಯಾಗಬೇಕು, ಶೇ 80ಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆ ಪೂರ್ಣಗೊಳಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ದಿನ ಎಣಿಸುವವರೇ ಇಲ್ಲದಿದ್ದರೆ ಆ 60 ದಿನ ಕಳೆದದ್ದೂ ಗೊತ್ತಾಗುವುದಿಲ್ಲ.

ನೀವಾಗಲಿ ನಿಮ್ಮವರಾಗಲಿ ಈ ದಾರಿಯಲ್ಲಿದ್ದರೆ, ಈ ಸೇವೆ ಇದೆಯೇ ಎಂದು ಮೊದಲ ಭೇಟಿಯಲ್ಲೇ ಆಸ್ಪತ್ರೆಯಲ್ಲಿ ವಿಚಾರಿಸಿ. ಇಲ್ಲವೆಂದರೆ, ಮುಂದಿನ ಪರೀಕ್ಷೆ ಯಾವಾಗ, ಎಲ್ಲಿ, ವರದಿಯನ್ನು ಯಾರು ಕೊಡುತ್ತಾರೆ, ಅದು ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬ ನಾಲ್ಕನ್ನೂ ಬರೆಸಿಕೊಂಡ ಮೇಲೆಯೇ ಅಲ್ಲಿಂದ ಏಳಿ.