ಮೇಲೆ ದುರ್ಬೀನು, ಗುಂಡು ಎಲ್ಲಿಂದ ಹಾಕೋದು?

ನಮ್ಮ ಕಾಕಾ ಪೊಲೀಸ್ ಮೀಸಲು ಪಡೆಯಲ್ಲಿದ್ದವರು. ಅವರ ಬಲಗೈ ಹೆಬ್ಬೆರಳಿನ ತುದಿ ಈಗಲೂ ಗಡುಸು. ತ್ರೀ ನಾಟ್ ತ್ರೀ ಬಂದೂಕಿಗೆ ಗುಂಡು ಒತ್ತಿ ಒತ್ತಿ ಹೀಗಾಯಿತು ಅಂತಾರೆ. ನನಗೆ ಪೂರ್ತಿ ನಂಬಿಕೆಯಿಲ್ಲ. ನಿವೃತ್ತಿಯಾದ ಮೇಲೆ 15 ವರ್ಷ ತೊಗರಿ ಹೊಲದಲ್ಲಿ ಕುಡುಗೋಲು ಹಿಡಿದದ್ದೂ ಲೆಕ್ಕಕ್ಕೆ ಬರಬೇಕಲ್ವಾ?

ಕಳೆದ ಮೇ ತಿಂಗಳಲ್ಲಿ ಅವರನ್ನೂ ನನ್ನ ಮಗನನ್ನೂ ಕಲಬುರಗಿ ಕೋಟೆಗೆ ಕರೆದುಕೊಂಡು ಹೋಗಿದ್ದೆ. 29 ಅಡಿ ಉದ್ದ ಅಂತ ಊರವರು ಹೆಮ್ಮೆಯಿಂದ ಹೇಳುವ ಬಾರಾ ಗಜೀ ತೋಪಿನ ಹತ್ತಿರ ನಿಂತಿದ್ದೆವು. ಮಗನ ತಲೆಯಲ್ಲಿ ಮಾತ್ರ ಮೊಬೈಲ್ ಗೇಮ್ ಓಡುತ್ತಿತ್ತು.

"ಮುತ್ಯಾ, ಹಳೇ ರೈಫಲ್‌ಗೆ ಸ್ಕೋಪ್ ಹಾಕಿದ್ರ ಗುಂಡು ಒಂದೊಂದೇ ತುಂಬಬೇಕು. ಸ್ಕೋಪ್ ತೆಗೆದ್ರ ಐದೂ ಒಮ್ಮೆಗೇ ಹೋಗ್ತಾವ. ಯಾಕ್ರಿ?"

ಕಾಕಾ ತೋಪಿನ ಬಾಯಿ ಕಡೆ ಕೈ ಮಾಡಿದರು. "ಇದಕ್ಕ ಆ ಗೊಂದಲ ಇಲ್ಲ ನೋಡು ತಮ್ಮಾ. ಮದ್ದು ಮುಂದಿನಿಂದ, ಕಣ್ಣು ಹಿಂದಿನಿಂದ."

ಒಂದೇ ಮಾತಲ್ಲಿ ವಿಷಯದ ಬುಡ ಹಿಡಿದಿದ್ದರು. ತೋಪಿಗೆ ಮದ್ದು ತುಂಬುವವನು ಒಂದು ತುದಿ, ಗುರಿ ನೋಡುವವನು ಇನ್ನೊಂದು ತುದಿ. 19ನೇ ಶತಮಾನದಲ್ಲಿ ಸೈನ್ಯಗಳ ಬಂದೂಕುಗಳು ಹಿಂದಿನಿಂದ ಗುಂಡು ತುಂಬುವಂತೆ ಬದಲಾದವು. ಆ ಶತಮಾನದ ಕೊನೆಗೆ ಬಂದ ಬೋಲ್ಟ್ ರೈಫಲ್‌ಗಳಲ್ಲಿ ನಳಿಗೆಯ ಹಿಂಬಾಯಿ ಮುಚ್ಚುವ ಅಗುಳಿಯನ್ನು, ಅಂದರೆ ಬೋಲ್ಟನ್ನು, ಹಿಂದಕ್ಕೆಳೆದರೆ ಮೇಲೊಂದು ಕಿಂಡಿ ತೆರೆದುಕೊಳ್ಳುತ್ತದೆ. ತೆಳು ತಗಡಿನ ಕ್ಲಿಪ್‌ನಲ್ಲಿ ಐದು ಗುಂಡು ಸಾಲಾಗಿ ಕೂತಿರುತ್ತವೆ. ಕ್ಲಿಪ್ ಅನ್ನು ಕಿಂಡಿಯ ಮೇಲೆ ನಿಲ್ಲಿಸಿ ಹೆಬ್ಬೆರಳಲ್ಲಿ ಒತ್ತಿದರೆ ಐದೂ ಚರ್ರನೆ ಒಳಗೆ. ರಷ್ಯಾದ ಮೊಸಿನ್, ಜರ್ಮನಿಯ ಮೌಸರ್ ಎರಡಕ್ಕೂ ಒಂದು ಕ್ಲಿಪ್ ಸಾಕು. ಕಾಕಾನ ತ್ರೀ ನಾಟ್ ತ್ರೀ, ಅಂದರೆ ಲೀ ಎನ್‌ಫೀಲ್ಡ್, ಹತ್ತು ಗುಂಡು ನುಂಗುತ್ತದೆ. ಅದಕ್ಕೆ ಎರಡು ಕ್ಲಿಪ್.

ಈಗ ಇದರ ಮೇಲೊಂದು ದುರ್ಬೀನು, ಅಂದರೆ ಮಗ ಹೇಳಿದ ಸ್ಕೋಪ್, ಕೂರಿಸಿ ನೋಡಿ. ಅದು ಕೂರುವುದು ಸರಿಯಾಗಿ ಆ ಕಿಂಡಿಯ ನೆತ್ತಿ ಮೇಲೆ. ಕ್ಲಿಪ್ ನಿಲ್ಲಿಸಲು ಜಾಗವೇ ಇಲ್ಲ. ದುರ್ಬೀನಿನ ಕೆಳಗೆ ಬೆರಳು ತೂರಿಸಿ ಒಂದೊಂದೇ ಗುಂಡು ಒಳಗೆ ತಳ್ಳಬೇಕು. ಮೊಸಿನ್‌ಗೆ ಇನ್ನೊಂದು ತಾಪತ್ರಯವೂ ಇತ್ತು. ಅದರ ಬೋಲ್ಟಿನ ಹಿಡಿ ನೆಟ್ಟಗೆ ಪಕ್ಕಕ್ಕೆ ಚಾಚಿಕೊಂಡಿತ್ತು. ಮೇಲಕ್ಕೆ ಎತ್ತಿದರೆ ದುರ್ಬೀನಿಗೆ ಬಡಿಯುತ್ತಿತ್ತು. ಹಾಗಾಗಿ ಅಡಗಿ ಕೂತು ದೂರದಿಂದ ಗುರಿಯಿಟ್ಟು ಹೊಡೆಯುವ ಸ್ನೈಪರ್‌ಗಳ ಮೊಸಿನ್‌ಗೆ ಉದ್ದ ಮಾಡಿ ಕೆಳಕ್ಕೆ ಬಾಗಿಸಿದ ಹಿಡಿ ಹಾಕಿದರು. ಎರಡನೇ ಮಹಾಯುದ್ಧದ ಹಳೇ ಫೋಟೊದಲ್ಲಿ ಸ್ನೈಪರ್ ಮೊಸಿನ್ ಯಾವುದು ಅಂತ ಗುರುತಿಸಲು ಆ ಹಿಡಿಯೇ ಸಾಕು.

ಹಾಗಾದರೆ ದುರ್ಬೀನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಆಗಲ್ವಾ? ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಅದನ್ನೇ ಮಾಡಿದರು. ಎಡಕ್ಕೆ ಸರಿಸಿ, ಕಿಂಡಿ ಖಾಲಿ ಬಿಟ್ಟರು. ಜಪಾನಿನ ಟೈಪ್ 97 ರೈಫಲ್‌ನಲ್ಲೂ ದುರ್ಬೀನು ಎಡಕ್ಕೇ. ಅಮೆರಿಕದ ಗ್ಯಾರಂಡ್‌ಗೆ ಬೇರೆ ದಾರಿಯೇ ಇರಲಿಲ್ಲ. ಎಂಟು ಗುಂಡಿನ ಕ್ಲಿಪ್ ಇಡಿಯಾಗಿ ಮೇಲಿನಿಂದ ಒಳಗೆ ಹೋಗಬೇಕು, ಗುಂಡು ಮುಗಿದ ಮೇಲೆ ಖಾಲಿ ಕ್ಲಿಪ್ ಮೇಲಕ್ಕೇ ಚಿಮ್ಮಬೇಕು. ದುರ್ಬೀನು ಎಡಕ್ಕೆ ಹೋದಾಗ ಸೈನಿಕನ ಕೆನ್ನೆಗೆ ಆಸರೆ ತಪ್ಪಿತು. ಅದಕ್ಕೆ ಬಂದೂಕಿನ ಹಿಂಬದಿಗೆ ಚರ್ಮದ ದಿಂಬು ಕಟ್ಟಿದರು.

ಕೆನ್ನೆಯದು ಹಾಗೆ ಮುಗಿಯಿತು. ಲೆಕ್ಕದ್ದು ಅಷ್ಟು ಸುಲಭವಲ್ಲ. ಬಂಡಿಯ ಎರಡು ಗಾಲಿಗಳ ಜಾಡು ನೆನೆಸಿಕೊಳ್ಳಿ. ಒಂದು ಜಾಡು ನಳಿಗೆಯದು, ಇನ್ನೊಂದು ಕಣ್ಣಿನದು. ನಡುವೆ 5 ಸೆಂಟಿಮೀಟರ್ ಅಂತರ ಅಂದುಕೊಳ್ಳೋಣ. ಎರಡನ್ನೂ 200 ಮೀಟರ್ ದೂರದಲ್ಲಿ ಕೂಡಿಸಿದರೆ ಅಲ್ಲಿ ಗುಂಡು ಸರಿಯಾಗಿ ತಾಗುತ್ತದೆ. ಆದರೆ 100 ಮೀಟರ್‌ನಲ್ಲಿ ಎರಡೂವರೆ ಸೆಂಟಿಮೀಟರ್ ಬಲಕ್ಕೆ. 400 ಮೀಟರ್‌ಗೆ ಹೋದರೆ ಜಾಡು ದಾಟಿ 5 ಸೆಂಟಿಮೀಟರ್ ಎಡಕ್ಕೆ! ದುರ್ಬೀನು ನೇರ ಮೇಲಿದ್ದರೂ ಈ ಅಂತರ ಇರುತ್ತದೆ, ಆದರೆ ಅದು ಮೇಲೆ ಕೆಳಗಿನ ಅಂತರ. ಗುಂಡು ಹೇಗಿದ್ದರೂ ಭೂಮಿಯ ಸೆಳೆತಕ್ಕೆ ಬೀಳುತ್ತಲೇ ಇರುತ್ತದೆ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡೂ 100 ಮೀಟರ್ ಹೋಗುವಷ್ಟರಲ್ಲಿ ಸುಮಾರು 8 ಸೆಂಟಿಮೀಟರ್ ಇಳಿದಿರುತ್ತದೆ. ಆ ಇಳಿತದ ಲೆಕ್ಕವನ್ನು ಹೇಗೂ ಹಾಕಲೇಬೇಕು, ದುರ್ಬೀನಿನ ಎತ್ತರವೂ ಅದರೊಳಗೇ ಸೇರಿಹೋಗುತ್ತದೆ. ಪಕ್ಕಕ್ಕಿದ್ದರೆ ಎರಡು ಲೆಕ್ಕ, ಮೇಲಿದ್ದರೆ ಒಂದು.

ಜರ್ಮನರು ಇನ್ನೊಂದು ಉಪಾಯ ಹೂಡಿದರು. ಚಿಕ್ಕದೊಂದು ದುರ್ಬೀನನ್ನು ಕಿಂಡಿಗಿಂತ ಬಹಳ ಮುಂದೆ, ನಳಿಗೆಯ ಮೇಲೆ ಕೂರಿಸಿದರು. ಅದರ ಹೆಸರು ಝಡ್‌ಎಫ್ 41, ಹಿಗ್ಗಿಸುವುದು ಬರೀ ಒಂದೂವರೆ ಪಟ್ಟು. ಕ್ಲಿಪ್ಪಿಗೆ ಜಾಗವೇನೋ ಸಿಕ್ಕಿತು. ಆದರೆ ಅದರಲ್ಲಿ ನೋಡುವುದು ಅಂದರೆ ತೋಳು ಚಾಚಿ ಹಿಡಿದ ಬಳೆಯೊಳಗಿಂದ ಊರು ನೋಡಿದಂತೆ. ನನ್ನ ಕೇಳಿದರೆ ಇದು ಎರಡೂ ಕೆಡಿಸಿಕೊಂಡ ರಾಜಿ.

ಕೊನೆಗೆ ಬ್ರಿಟಿಷರೂ ಎಡದ ಆಟ ಬಿಟ್ಟರು. ನಮ್ಮ ರಾಜಮಹಾರಾಜರಿಗೆ ಬೇಟೆ ಬಂದೂಕು ಮಾಡಿಕೊಡುತ್ತಿದ್ದ ಲಂಡನ್ನಿನ ಹಾಲಂಡ್ ಅಂಡ್ ಹಾಲಂಡ್ ಕಂಪನಿಯೇ ಎರಡನೇ ಮಹಾಯುದ್ಧದಲ್ಲಿ ನಂಬರ್ 4 ಲೀ ಎನ್‌ಫೀಲ್ಡ್‌ಗೆ ದುರ್ಬೀನು ಕೂರಿಸಿಕೊಟ್ಟಿತು. ಈ ಸಲ ನೇರ ಕಿಂಡಿಯ ಮೇಲೆ, ಕೆನ್ನೆಗೊಂದು ಮರದ ಆಸರೆ ಸಮೇತ. ಹತ್ತು ಗುಂಡನ್ನೂ ಒಂದೊಂದಾಗಿ ತುಂಬಿಕೋ ಅಂತ ಸೈನಿಕನಿಗೆ ಬಿಟ್ಟರು. ಅದರಲ್ಲೇನೂ ತಪ್ಪಿಲ್ಲ. ಸ್ನೈಪರ್ ಹೊಡೆಯುವುದು ಒಂದು ಗುಂಡು. ಆಮೇಲೆ ಅಲ್ಲಿಂದ ಜಾಗ ಬಿಡುತ್ತಾನೆ. ಅವನಿಗೆ ಅವಸರ ಬರುವುದು ಶತ್ರು ಮೈಮೇಲೆ ಬಂದಾಗ ಮಾತ್ರ.

ಬುರುಜಿನಿಂದ ಊರ ಕಡೆ ನೋಡಿದರೆ ಮಧ್ಯಾಹ್ನದ ಬಿಸಿಲಲ್ಲಿ ದೂರದ ಮನೆಗಳೆಲ್ಲ ನೀರಲ್ಲಿ ನಿಂತಂತೆ ಕುಣಿಯುತ್ತಿದ್ದವು. "ಹಂಗಾದ್ರ ಹತ್ತು ಪಟ್ಟು, ಇಪ್ಪತ್ತು ಪಟ್ಟಿನ ದುರ್ಬೀನು ಯಾಕ ಹಾಕಲಿಲ್ಲ?" ಅಂದರು ಕಾಕಾ. ಉತ್ತರ ಕಣ್ಣೆದುರೇ ಇತ್ತು. ಕಾದ ನೆಲದ ಮೇಲಿನ ಗಾಳಿ ಬೆಳಕನ್ನು ಬಾಗಿಸುತ್ತದೆ. ನಮ್ಮ ಬಿಸಿಲ್ಗುದುರೆ ಅದೇ ತಾನೆ? ದುರ್ಬೀನು ಗುರಿಯನ್ನು ಹಿಗ್ಗಿಸಿದಷ್ಟೇ ಈ ಕುಣಿತವನ್ನೂ ಹಿಗ್ಗಿಸುತ್ತದೆ.

ಇನ್ನೊಂದು ಕಾರಣ ಬೆಳಕಿನದು. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. ಮೊಸಿನ್ ಮೇಲಿನ ಪಿಯು ದುರ್ಬೀನು ಮೂರೂವರೆ ಪಟ್ಟಿನದು, ಅದರ ಬೆಳಕಿನ ಕಂಬ 6 ಮಿಲಿಮೀಟರ್. ಮುಸ್ಸಂಜೆಯಲ್ಲಿ ನಮ್ಮ ಕಣ್ಣಿನ ಪಾಪೆ ತೆರೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ. ಅದೇ ಗಾಜಿಗೆ ಏಳು ಪಟ್ಟು ಕೊಟ್ಟರೆ ಕಂಬ 3 ಮಿಲಿಮೀಟರ್‌ಗೆ ಇಳಿಯುತ್ತದೆ. ಗುರಿ ದೊಡ್ಡದಾಗಿ ಕಂಡರೂ ಮಬ್ಬು. ಸ್ನೈಪರ್‌ಗಳಿಗೆ ಮುಂಜಾವು, ಮುಸ್ಸಂಜೆಗಳೇ ಕೆಲಸದ ಹೊತ್ತು ಅನ್ನುವುದು ನೆನಪಿರಲಿ.

ದುರ್ಬೀನೇ ಬೇಡ ಅಂದವನೂ ಒಬ್ಬನಿದ್ದ. ಸೋವಿಯತ್ ಸೈನ್ಯದ ಎದುರು ನಡೆದ 1939-40ರ ಚಳಿಗಾಲದ ಯುದ್ಧದಲ್ಲಿ ಫಿನ್‌ಲೆಂಡಿನ ಸಿಮೋ ಹೈಹಾ ಬರೀ ಕಬ್ಬಿಣದ ಗುರಿಗೂಟದಿಂದಲೇ ಹೊಡೆದ. ದುರ್ಬೀನಿಗೆ ತಲೆ ಎತ್ತಬೇಕು, ಚಳಿಗೆ ಗಾಜು ಮಂಜಾಗುತ್ತದೆ, ಬಿಸಿಲಿಗೆ ಮಿಂಚುತ್ತದೆ. ಗುಂಡು ತುಂಬುವ ಗೋಳೂ ಅವನಿಗಿರಲಿಲ್ಲ.

ಈ ಜಾಗದ ಜಗಳವನ್ನು ಚೆನ್ನಾಗಿ ಬಿಡಿಸಿದ್ದು 1963ರಲ್ಲಿ ಸೋವಿಯತ್ ಸೈನ್ಯಕ್ಕೆ ಬಂದ ಡ್ರಾಗುನೋವ್ ಸ್ನೈಪರ್ ರೈಫಲ್. ನಮ್ಮ ಸೈನ್ಯವೂ ಅದನ್ನು ಬಳಸಿದೆ. ನಾಲ್ಕು ಪಟ್ಟಿನ ದುರ್ಬೀನು ಪಕ್ಕದ ಹಳಿಗೆ ಕಚ್ಚಿಕೊಂಡು ಮೇಲೆ ನಿಲ್ಲುತ್ತದೆ. ಹತ್ತು ಗುಂಡಿನ ಮ್ಯಾಗಜಿನ್, ಅಂದರೆ ಗುಂಡಿನ ಡಬ್ಬಿ, ಕೆಳಗಿನಿಂದ ಸೇರುತ್ತದೆ. ಕಣ್ಣಿಗೆ ಮೇಲಿನ ಬಾಗಿಲು, ಕೈಗೆ ಕೆಳಗಿನ ಬಾಗಿಲು.

"ಅಂದ್ರ ಹೆಬ್ಬೆರಳಿಗಿ ಕೆಲಸಾನೇ ಇಲ್ಲೇನು?" ಕಾಕಾನ ದನಿಯಲ್ಲಿ ಸ್ವಲ್ಪ ಬೇಜಾರಿತ್ತು.

"ಅದೆಂಗ್ರಿ ಕಾಕಾ? ಖಾಲಿ ಮ್ಯಾಗಜಿನ್ ತುಂಬೋರು ಯಾರು? ಹತ್ತೂ ಗುಂಡು ಒಂದೊಂದೇ, ಹೆಬ್ಬೆರಳಿಲೇ ಒತ್ತಬೇಕು."

"ಹಾಂ, ಹಂಗ ಹೇಳು," ಅಂದರು. ಆ ಗಡುಸು ಬೆರಳನ್ನು ಮೊಮ್ಮಗನ ಮುಂದೆ ಹಿಡಿದು ತೋರಿಸಿದರು.